ಫೋನು ಎತ್ತುವ ಮೊದಲೇ ತಿಳಿಯಬಹುದಾದ ಭಾಷೆ

ಕಳೆದ ಮಳೆಗಾಲದಲ್ಲಿ ಮನೆಯ ಹಿರಿಯರೊಬ್ಬರ ವಿಮೆಯ ವಿಚಾರವಾಗಿ ಒಂದು ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಬೇಕಾಗಿ ಬಂತು. ಮೊದಲು ಮಲಯಾಳದಲ್ಲಿ, ಅನಂತರ ಇಂಗ್ಲಿಷಿನಲ್ಲಿ, ಕೊನೆಗೆ ಹಿಂದಿಯಲ್ಲಿ ಸೂಚನೆಗಳು ಕೇಳಿಸಿದವು. ಅಂತೂ ಒಬ್ಬರು ಮಾತಿಗೆ ಸಿಕ್ಕಿದಾಗ, ಕನ್ನಡ ಬಲ್ಲವರಿಗೆ ಕೊಡಿ ಎಂದು ಕೇಳಿಕೊಂಡೆವು. ಅವರು ತಕರಾರಿಲ್ಲದೆ ಕನ್ನಡ ವಿಭಾಗಕ್ಕೆ ವರ್ಗಾಯಿಸಿದರು. ಅಲ್ಲಿದ್ದ ಹುಡುಗಿ ಅಚ್ಚುಕಟ್ಟಾದ ಕನ್ನಡದಲ್ಲಿ ಹೆಸರು, ಪಾಲಿಸಿ ಸಂಖ್ಯೆ, ಹುಟ್ಟಿದ ದಿನ ಎಲ್ಲವನ್ನೂ ಮೊದಲಿನಿಂದ ಕೇಳಿ ಬರೆದುಕೊಂಡು, "ಅಮ್ಮಾ, ನಿಮ್ಮದು ಕೇರಳದ ಪಾಲಿಸಿ, ಅದು ನಮ್ಮ ಸ್ಕ್ರೀನಿನಲ್ಲಿ ಬರುವುದಿಲ್ಲ" ಎಂದಳು.

ಇಂತಹದನ್ನು ಭಾಷಾ ತಾರತಮ್ಯದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ಕಾಸರಗೋಡಿನ ನಮಗೆ ಅಭ್ಯಾಸವಾಗಿಹೋಗಿದೆ. ಆದರೆ ಆ ದಿನ ನಡೆದುದನ್ನು ಬಿಡಿಸಿ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಕನ್ನಡ ಬಲ್ಲ ಸಿಬ್ಬಂದಿ ಇದ್ದರು, ಪಾಲಿಸಿಯ ದಾಖಲೆ ಕಂಪ್ಯೂಟರಿನಲ್ಲಿತ್ತು, ಕರೆಯೂ ಸರಿಯಾದ ಕಡೆಗೇ ಹೋಯಿತು. ಕರೆಯ ಜೊತೆಯಲ್ಲಿ ಹೋಗಬೇಕಾಗಿದ್ದ ದಾಖಲೆ ಮಾತ್ರ ಹೋಗಲಿಲ್ಲ. ಫೋನು ಒಂದು ದಾರಿಯಲ್ಲಿ, ಕಂಪ್ಯೂಟರಿನ ತಂತ್ರಾಂಶ ಇನ್ನೊಂದು ದಾರಿಯಲ್ಲಿ ಸಾಗಿದ್ದವು. ಇವೆರಡನ್ನು ಜೋಡಿಸುವ ವಿದ್ಯೆ ಹೊಸತೇನಲ್ಲ, ಈಗ ದುಬಾರಿಯೂ ಅಲ್ಲ. ಜೋಡಿಸುವಾಗ ಭಾಷೆಯನ್ನು ಯಾವುದಕ್ಕೆ ಕಟ್ಟಲಾಗುತ್ತದೆ, ಫೋನ್ ನಂಬರಿಗೋ, ರಾಜ್ಯಕ್ಕೋ, ಮನುಷ್ಯರಿಗೋ ಎಂಬುದನ್ನು ತಂತ್ರಾಂಶ ಬರೆಯುವವರು ತೀರ್ಮಾನಿಸುತ್ತಾರೆ. ಗಡಿನಾಡಿನವರು ಗಮನಿಸಬೇಕಾದುದು ಆ ತೀರ್ಮಾನವನ್ನು.

ದೂರವಾಣಿ ವಿನಿಮಯ ಕೇಂದ್ರಗಳು ತಾಮ್ರದ ತಂತಿಯನ್ನೇ ನಂಬಿದ್ದ ಕಾಲದಲ್ಲಿ ಕರೆ ಎಂಬುದು ವಿದ್ಯುತ್ತಿನ ಒಂದು ಹಾದಿಯಾಗಿತ್ತು. ಕಂಪ್ಯೂಟರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಓದಿಸಬೇಕಾದರೆ ವಿನಿಮಯ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಬೇರೆಯೇ ಒಂದು ಕೊಂಡಿ ಬೇಕಾಗುತ್ತಿತ್ತು. 1992ರಲ್ಲಿ ಯುರೋಪಿನ ಎಕ್ಮಾ ಸಂಸ್ಥೆ ಇದಕ್ಕಾಗಿ ಸಿಎಸ್‌ಟಿಎ ಎಂಬ ಮಾನಕವನ್ನು ಹೊರತಂದಿತು. ಮರುವರ್ಷ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಅದೇ ಕೆಲಸಕ್ಕೆ ಟ್ಯಾಪಿ ಎಂಬುದನ್ನು ಪ್ರಕಟಿಸಿದವು. ಕರೆ ಬಂದ ಕೂಡಲೇ ಕರೆದವರ ಖಾತೆ ಪರದೆಯ ಮೇಲೆ ಮೂಡುವ ಸೌಕರ್ಯ ಆಗಲೇ ಇತ್ತು. ಆದರೆ ಅದಕ್ಕೆ ಬೇಕಾದ ಯಂತ್ರಗಳು ದೊಡ್ಡ ಬ್ಯಾಂಕುಗಳಿಗೂ ವಿಮಾನ ಕಂಪನಿಗಳಿಗೂ ಮಾತ್ರ ಎಟುಕುವಂತಿದ್ದವು.

ಈ ಅಂತರವನ್ನು ಅಳಿಸಿದ್ದು ಇಂಟರ್ನೆಟ್ ಕರೆಗಳಿಗಾಗಿ ಬರೆದ ಸಿಪ್ ಎಂಬ ನಿಯಮಾವಳಿ. 1999ರಲ್ಲಿ ಮೊದಲ ರೂಪ ಪಡೆದು 2002ರಲ್ಲಿ ಪರಿಷ್ಕೃತವಾದ ಇದರಲ್ಲಿ ಕರೆ ಎಂಬುದು ಒಂದು ಬರಹ. ಮದುವೆಯ ಕರೆಯೋಲೆಯಲ್ಲಿ ಕರೆಯುವವರು ಯಾರು, ಯಾರನ್ನು, ಎಲ್ಲಿಗೆ ಎಂದು ಸಾಲುಸಾಲಾಗಿ ಇರುವಂತೆ ಇಲ್ಲಿಯೂ ಯಾರಿಂದ, ಯಾರಿಗೆ, ಈ ಕರೆಯ ಗುರುತು ಸಂಖ್ಯೆ ಯಾವುದು, ಯಾವ ವಿಧಾನದಲ್ಲಿ ಧ್ವನಿಯನ್ನು ಕಳುಹಿಸಬಹುದು ಎಂದು ಸಾಲುಗಳಿರುತ್ತವೆ. ಅದರ ಹೆಸರೇ ಇನ್ವೈಟ್, ಎಂದರೆ ಆಹ್ವಾನ. ಅದಕ್ಕೆ ಮರುಮಾತು ಅಂಕಿಗಳಲ್ಲಿ ಬರುತ್ತದೆ: 180 ಎಂದರೆ ಗಂಟೆ ಬಾರಿಸುತ್ತಿದೆ, 200 ಎಂದರೆ ಎತ್ತಿದ್ದಾರೆ, 486 ಎಂದರೆ ಬಿಡುವಿಲ್ಲ. ಧ್ವನಿ ಇದರೊಂದಿಗೆ ಬರುವುದಿಲ್ಲ. ಅದು ಆರ್‌ಟಿಪಿ ಎಂಬ ಬೇರೆ ವಿಧಾನದಲ್ಲಿ, ಸೆಕೆಂಡಿಗೆ ಸಾಮಾನ್ಯವಾಗಿ 50 ಚಿಕ್ಕ ಪೊಟ್ಟಣಗಳಾಗಿ ಪ್ರತ್ಯೇಕ ಸಾಗುತ್ತದೆ. ಮಾತು ಶುರುವಾಗುವ ಮೊದಲೇ ಮಾತಿನ ವಿವರ ಬರಹದಲ್ಲಿ ಬಂದು ತಲುಪುವುದರಿಂದ, ಜಾಲತಾಣದ ಪುಟವನ್ನು ಓದಬಲ್ಲ ಯಾವುದೇ ತಂತ್ರಾಂಶಕ್ಕೂ ಕರೆಯನ್ನು ಓದುವುದು ಕಷ್ಟವಲ್ಲ. ಅದೇ 1999ರಲ್ಲಿ ಮಾರ್ಕ್ ಸ್ಪೆನ್ಸರ್ ಅಮೆರಿಕದಲ್ಲಿ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದ ಮೇಲೆ ಸಾಧಾರಣ ಕಂಪ್ಯೂಟರೊಂದೇ ಕಚೇರಿಯ ವಿನಿಮಯ ಕೇಂದ್ರವಾಗಬಲ್ಲುದಾಯಿತು.

ಇದನ್ನು ನಮ್ಮ ಊರಿಗೆ ತಂದು ನೋಡೋಣ. ಬದಿಯಡ್ಕದಿಂದ ಪೆರ್ಲದವರೆಗಿನ ಅಡಿಕೆ ತೋಟಗಳ ನಡುವೆ ಒಂದು ಸಹಕಾರಿ ಸಂಘವಿದೆ ಎಂದಿಟ್ಟುಕೊಳ್ಳೋಣ. ಸದಸ್ಯರು ಸಾಲದ ಕಂತು, ಅಡಿಕೆಯ ದಿನದ ದರ, ಗೊಬ್ಬರದ ದಾಸ್ತಾನು ಇವುಗಳನ್ನು ಕೇಳಲು ಫೋನ್ ಮಾಡುತ್ತಾರೆ. ಸಂಘದ ಲೆಕ್ಕಪತ್ರ ಒಂದು ತಂತ್ರಾಂಶದಲ್ಲಿದೆ. ಕರೆಗಳು ಆಸ್ಟರಿಸ್ಕಿನಂತಹ ವ್ಯವಸ್ಥೆಗೆ ಬರುತ್ತವೆ. ಆಹ್ವಾನ ತಲುಪಿದ ಕ್ಷಣದಲ್ಲಿ ಆಸ್ಟರಿಸ್ಕ್ ತನ್ನ ನಿರ್ವಹಣಾ ಬಾಗಿಲಿನಿಂದ, ಅಂದರೆ ವಾಡಿಕೆಯಂತೆ 5038ನೇ ಪೋರ್ಟಿನಿಂದ, "ಈ ನಂಬರಿನಿಂದ ಕರೆ ಬಂದಿದೆ" ಎಂಬ ಸುದ್ದಿಯನ್ನು ಹೊರಗೆ ಹೇಳುತ್ತದೆ. ಲೆಕ್ಕಪತ್ರದ ತಂತ್ರಾಂಶ ಆ ನಂಬರನ್ನು ಸದಸ್ಯರ ಪಟ್ಟಿಯಲ್ಲಿ ಹುಡುಕಿ, ಗುಮಾಸ್ತೆಯ ಪರದೆಯ ಮೇಲೆ ಖಾತೆಯನ್ನು ತೆರೆದಿಡುತ್ತದೆ. ಇಷ್ಟು ಕೆಲಸ ಫೋನು ಮೊದಲ ಸಲ ರಿಂಗಣಿಸುವಷ್ಟರಲ್ಲಿ ಮುಗಿಯಬೇಕು. ಉತ್ತರ ಬರುವ ತನಕ ಕಾಯುವಂತೆ ವ್ಯವಸ್ಥೆ ಮಾಡಿ, ತಂತ್ರಾಂಶ ನಿಧಾನಿಸಿದರೆ ಕರೆದವರಿಗೆ ಬರೀ ಮೌನ ಕೇಳುತ್ತದೆ, ಎರಡು ಮೂರು ಸೆಕೆಂಡು ಕಳೆದರೆ ಇಟ್ಟುಬಿಡುತ್ತಾರೆ. ಆದುದರಿಂದ ಅನುಭವವಿರುವವರು ಒಂದು ಗಡುವು ಹಾಕಿ, ಅದರೊಳಗೆ ಉತ್ತರ ಬಾರದಿದ್ದರೆ ಕರೆ ಮುಂದೆ ಸಾಗಲಿ, ಖಾತೆ ಹಿಂದಿನಿಂದ ಬರಲಿ ಎಂದು ಬರೆಯುತ್ತಾರೆ.

ಹುಡುಕುವುದು ಸುಲಭ ಎಂದು ಕಾಣಬಹುದು. ಆದರೆ ಹೆಚ್ಚಿನ ಜೋಡಣೆಗಳು ಎಡವುವುದು ಇದೇ ಹೆಜ್ಜೆಯಲ್ಲಿ. ಒಂದೇ ನಂಬರು ಒಂದು ಕಡೆ ಹತ್ತು ಅಂಕಿಗಳಲ್ಲಿ, ಇನ್ನೊಂದು ಕಡೆ ಮುಂದೆ ಸೊನ್ನೆ ಸೇರಿಸಿ, ಮತ್ತೊಂದು ಕಡೆ ಕೂಡಿಸುವ ಚಿಹ್ನೆಯೊಡನೆ 91 ಹಚ್ಚಿ ದಾಖಲಾಗಿರುತ್ತದೆ. ಕೊನೆಯ ಹತ್ತು ಅಂಕಿಗಳನ್ನು ಮಾತ್ರ ಹೋಲಿಸಿ ನೋಡಿ ಎಂಬುದು ಭಾರತದಲ್ಲಿ ಚಾಲ್ತಿಯಲ್ಲಿರುವ ಉಪಾಯ. ಅದು ಬೆಂಗಳೂರಿನಲ್ಲಿ ನಡೆಯುತ್ತದೆ, ಕಾಸರಗೋಡಿನಲ್ಲಿ ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಪ್ರತಿ ಎರಡನೆಯ ಮನೆಯ ಪಟ್ಟಿಯಲ್ಲಿ ಗಲ್ಫಿನ ನಂಬರು ಒಂದಾದರೂ ಇರುತ್ತದೆ ಎಂದರೆ ಉತ್ಪ್ರೇಕ್ಷೆ ಸ್ವಲ್ಪವೇ. ದುಬೈಯಲ್ಲಿರುವ ಮಗ ತನ್ನ ನಂಬರನ್ನು ಅಲ್ಲಿನ ರೂಢಿಯಂತೆ 05ರಿಂದ ಆರಂಭಿಸಿ ಹತ್ತು ಅಂಕಿಗಳಲ್ಲಿ ಕೊಟ್ಟಿರುತ್ತಾನೆ. ಕರೆ ಬರುವಾಗ ಅದು 971 ಮುಂದಿಟ್ಟುಕೊಂಡು ಹನ್ನೆರಡು ಅಂಕಿಗಳಲ್ಲಿ ಬರುತ್ತದೆ. ಕೊನೆಯ ಹತ್ತನ್ನು ಕತ್ತರಿಸಿದರೆ ಸೊನ್ನೆಯ ಜಾಗದಲ್ಲಿ 1 ಕುಳಿತಿರುತ್ತದೆ, ಖಾತೆ ಸಿಗುವುದಿಲ್ಲ. ಸಾಲದ ಕಂತು ಕಟ್ಟುವವನೇ ಅವನಾಗಿದ್ದರೂ ಸಂಘದ ಪರದೆಗೆ ಅವನು ಅಪರಿಚಿತ. ನಂಬರು ಒಳಗೆ ಬರುವಾಗಲೇ ದೇಶದ ಸಂಕೇತ ಸಮೇತ ಒಂದೇ ರೂಪಕ್ಕೆ ತಂದು ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ.

ಇನ್ನು ಭಾಷೆಯ ಮಾತು. ನಂಬರು ನೋಡಿದರೆ ಊರು ತಿಳಿಯುತ್ತದೆ, ಊರು ತಿಳಿದರೆ ಭಾಷೆ ತಿಳಿಯುತ್ತದೆ ಎಂಬ ಊಹೆಯ ಮೇಲೆ ಅನೇಕ ಸಹಾಯವಾಣಿಗಳು ನಿಂತಿವೆ. ಭಾರತದ ಮೊಬೈಲ್ ನಂಬರುಗಳನ್ನು ದೂರಸಂಪರ್ಕ ವೃತ್ತಗಳ ಲೆಕ್ಕದಲ್ಲಿ ಹಂಚಲಾಗಿದ್ದು, ಕೇರಳ ಒಂದು ವೃತ್ತ, ಕರ್ನಾಟಕ ಒಂದು ವೃತ್ತ. ಕಾಸರಗೋಡಿನ ಸ್ಥಿರ ದೂರವಾಣಿಯ 04994, ಮಂಜೇಶ್ವರ ಉಪ್ಪಳ ಕಡೆಯ 04998 ಇವೂ ಕೇರಳದವೇ. ಊಹೆ ಇಲ್ಲಿ ಎರಡೂ ಕಡೆಯಿಂದ ತಪ್ಪುತ್ತದೆ. ಕುಂಬಳೆಯ ಕನ್ನಡಿಗರ ಕೇರಳ ನಂಬರಿಗೆ ಮಲಯಾಳ ದೊರೆಯುತ್ತದೆ. ಮಂಗಳೂರಿನಲ್ಲಿ ಓದುವಾಗ ಸಿಮ್ ಕೊಂಡ ಮಂಜೇಶ್ವರದ ಹುಡುಗನಿಗೆ ಕನ್ನಡ ದೊರೆಯುತ್ತದೆ, ಆದರೆ ಅವನ ಮನೆ, ಪಡಿತರ ಚೀಟಿ, ವಿದ್ಯುತ್ ಬಿಲ್ಲು ಎಲ್ಲವೂ ಗಡಿಯ ಈಚೆ ಇರುವುದರಿಂದ ಕನ್ನಡದಲ್ಲಿ ಮಾತಾಡುವ ಆ ಕಚೇರಿಗೂ ಅವನಿಗೂ ಸಂಬಂಧವಿಲ್ಲ. 2015ರ ಜುಲೈಯಿಂದ ನಂಬರನ್ನು ಬದಲಿಸದೆ ಒಂದು ವೃತ್ತದಿಂದ ಇನ್ನೊಂದಕ್ಕೆ ಹೋಗುವ ಅವಕಾಶ ದೇಶಾದ್ಯಂತ ಬಂದ ಮೇಲೆ, ನಂಬರಿನ ಮೊದಲ ಅಂಕಿಗಳು ಊರನ್ನು ಹೇಳುತ್ತವೆ ಎಂಬ ಮಾತೇ ಹಳತಾಯಿತು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಸುತ್ತಮುತ್ತ ಫೋನು ಯಾವ ಗೋಪುರದ ಸಂಕೇತ ಹಿಡಿಯುತ್ತದೆ ಎಂಬುದು ಗಾಳಿ ಬೀಸಿದ ಹಾಗೆ.

ಇಷ್ಟಾದ ಮೇಲೂ ನಂಬರಿಗೆ ಭಾಷೆಯನ್ನು ಕಟ್ಟುವುದು ಅರ್ಧ ಪರಿಹಾರವೇ, ಏಕೆಂದರೆ ಒಂದು ಫೋನನ್ನು ಮನೆಮಂದಿಯೆಲ್ಲ ಬಳಸುತ್ತಾರೆ. ಅಜ್ಜಿ ಹವ್ಯಕ ಕನ್ನಡ ಆಡುವವಳು, ಮೊಮ್ಮಗ ಮಲಯಾಳ ಮಾಧ್ಯಮದಲ್ಲಿ ಕಲಿತವನು, ಕೆಲಸಕ್ಕೆ ಬರುವವರು ತುಳುವರು. ಸಪ್ತಭಾಷೆಗಳ ನಾಡು ಎಂದು ವೇದಿಕೆಗಳಲ್ಲಿ ಹೊಗಳಿಕೊಳ್ಳುವ ಈ ನೆಲದಲ್ಲಿ, ಒಬ್ಬರಿಗೆ ಒಂದು ಭಾಷೆ ಎಂಬ ಖಾನೆಯೇ ಸಾಲದು. ನಮ್ಮ ಹಿರಿಯರಲ್ಲಿ ಹಲವರಿಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ತಿರುಗಿ ಹೇಳಲು ಬರುವುದಿಲ್ಲ. ಸಹಾಯವಾಣಿಯವರು ಮಲಯಾಳದಲ್ಲಿ ಹೇಳಲಿ, ನಾನು ಕನ್ನಡದಲ್ಲಿ ಉತ್ತರಿಸುತ್ತೇನೆ ಎಂಬುದು ಅಂಗಡಿಯಲ್ಲಿ, ಬಸ್ಸಿನಲ್ಲಿ ಇಲ್ಲಿ ದಿನವೂ ನಡೆಯುವ ವ್ಯವಹಾರ.

ಆಶ್ಚರ್ಯವೆಂದರೆ, ಇಂಟರ್ನೆಟ್ ಕರೆಯ ನಿಯಮಗಳನ್ನು ಬರೆದವರಿಗೆ ಇದು ಹೊಳೆದಿದೆ. ಸಿಪ್ ಆಹ್ವಾನದಲ್ಲಿ ಕರೆದವರು ಬಯಸುವ ಭಾಷೆಯನ್ನು ಸೂಚಿಸುವ ಒಂದು ಸಾಲಿಗೆ 2002ರ ನಿಯಮಾವಳಿಯಲ್ಲಿಯೇ ಜಾಗವಿತ್ತು. ಆದರೆ ಅದು ಮುಖ್ಯವಾಗಿ ಯಂತ್ರ ಕಳುಹಿಸುವ ಬರಹದ ಭಾಷೆಗೆ ಸಂಬಂಧಿಸಿದ್ದು. 2018ರಲ್ಲಿ ಪ್ರಕಟವಾದ 8373ನೇ ಸಂಖ್ಯೆಯ ಆರ್‌ಎಫ್‌ಸಿ, ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಹೇಳುವ ದಾಖಲೆ, ನೇರವಾಗಿ ಮನುಷ್ಯರ ಮಾತಿನ ಭಾಷೆಯನ್ನೇ ಎತ್ತಿಕೊಂಡಿತು. ಅದರಲ್ಲಿ ಎರಡು ಬೇರೆ ಬೇರೆ ಗುರುತುಗಳಿವೆ: ನಾನು ಯಾವ ಭಾಷೆಯಲ್ಲಿ ಆಡುತ್ತೇನೆ ಎಂಬುದಕ್ಕೆ ಒಂದು, ಯಾವ ಭಾಷೆಯಲ್ಲಿ ಕೇಳಬಲ್ಲೆ ಎಂಬುದಕ್ಕೆ ಇನ್ನೊಂದು. ಎರಡರಲ್ಲಿಯೂ ಇಷ್ಟದ ಕ್ರಮದಲ್ಲಿ ಹಲವು ಭಾಷೆಗಳನ್ನು ಹೇಳಬಹುದು. ಯಾವುದೂ ಹೊಂದದಿದ್ದರೂ ಕರೆಯನ್ನು ಕಡಿಯಬೇಡಿ ಎಂದು ಕೊನೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ ತಿಳಿಸಬಹುದು. ಕಾಸರಗೋಡಿನ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಬರೆದರೋ ಎಂಬಂತಿದೆ. ಕನ್ನಡಕ್ಕೆ, ಮಲಯಾಳಕ್ಕೆ ಎರಡೆರಡು ಅಕ್ಷರಗಳ ಅಂತಾರಾಷ್ಟ್ರೀಯ ಸಂಕೇತವಿದೆ. ತುಳುವಿಗೆ ಟಿ-ಸಿ-ವೈ ಎಂಬ ಮೂರಕ್ಷರದ ಸಂಕೇತವಿದೆ. ದಿನಬಳಕೆಯ ಫೋನುಗಳಲ್ಲಿ ಈ ಗುರುತುಗಳು ಕಾಣಸಿಗುವುದು ತೀರ ಅಪರೂಪ ಎಂಬುದು ನಿಜ. ಆದರೆ ಸಂಘದ ಸದಸ್ಯರ ಪಟ್ಟಿಯಲ್ಲಿ "ಆಡುವ ಭಾಷೆ", "ಕೇಳುವ ಭಾಷೆ" ಎಂದು ಎರಡು ಖಾನೆ ಮಾಡಿಕೊಳ್ಳಲು ಯಾವ ಕಂಪನಿಯ ಒಪ್ಪಿಗೆಯೂ ಬೇಕಾಗಿಲ್ಲ. ಖಾತೆ ಹುಡುಕುವಾಗಲೇ ಆ ಖಾನೆಗಳನ್ನೂ ಓದಿ, ಆಸ್ಟರಿಸ್ಕಿಗೆ ಈ ಕರೆಯ ಭಾಷೆ ಕನ್ನಡ ಎಂದು ತಿಳಿಸಿದರೆ, ಮುಂದಿನ ಧ್ವನಿಮುದ್ರಿತ ಸೂಚನೆಗಳನ್ನೆಲ್ಲ ಅದು ಕನ್ನಡದ ಕಡತಗಳಿಂದ ಎತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾಗುವುದು ಒಂದೇ ಸಾಲು.

ಕನ್ನಡದ ಕಡತಗಳನ್ನು ಧ್ವನಿಮುದ್ರಿಸುವ ಕೆಲಸ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಲ್ಲ. ಅಡಿಕೆಯ ದರ ಹೇಳುವ ಯಂತ್ರವನ್ನೇ ನೋಡಿ. ಇಂಗ್ಲಿಷಿನಲ್ಲಿ ಇಪ್ಪತ್ತು ಮತ್ತು ಐದು ಎಂಬ ಎರಡು ತುಣುಕುಗಳನ್ನು ಒಂದರ ಹಿಂದೆ ಒಂದು ನುಡಿಸಿದರೆ ಇಪ್ಪತ್ತೈದು ಆಗಿಬಿಡುತ್ತದೆ. ಕನ್ನಡದಲ್ಲಿ ಹಾಗೆ ನುಡಿಸಿದರೆ "ಇಪ್ಪತ್ತು ಐದು" ಎಂದು ಕೇಳಿ, 20 ಮತ್ತು 5 ಎಂಬ ಎರಡು ಬೆಲೆಗಳೆಂದು ತಿಳಿಯುವವರಿದ್ದಾರೆ. ಒಂದರಿಂದ ತೊಂಬತ್ತೊಂಬತ್ತರವರೆಗೆ ಪ್ರತಿಯೊಂದನ್ನೂ ಇಡಿಯಾಗಿಯೇ ಹೇಳಿ ಮುದ್ರಿಸಬೇಕು. ನೂರು ಒಂಟಿಯಾಗಿ ನಿಂತರೆ "ನೂರು", ಮುಂದೆ ಅಂಕಿ ಇದ್ದರೆ "ನೂರ". ಇನ್ನೂರು, ಮುನ್ನೂರುಗಳಿಗೂ ಅದೇ ಜೋಡಿ. ಸಾವಿರಕ್ಕೆ "ಸಾವಿರದ", ಲಕ್ಷಕ್ಕೆ "ಲಕ್ಷದ". ಎಲ್ಲ ಸೇರಿ ನೂರಿಪ್ಪತ್ತರಷ್ಟು ತುಣುಕುಗಳು, ಒಂದೇ ಧ್ವನಿಯಲ್ಲಿ, ಒಂದೇ ಏರಿಳಿತದಲ್ಲಿ. ಒಂದು ಮಧ್ಯಾಹ್ನದ ಕೆಲಸ ಅದು. ಆದರೆ ಕನ್ನಡ ತಿಳಿದವರು ಕುಳಿತು ಮಾಡಬೇಕು. ಮೆಟ್ರೋ ನಗರದ ಗುತ್ತಿಗೆದಾರರು ಮಾಡಿಸಿದ "ಕನ್ನಡ" ಸೂಚನೆಗಳು ಕಿವಿಗೆ ಕಲ್ಲಿನಂತೆ ಬಡಿಯುವುದಕ್ಕೆ ಕಾರಣ ಹೆಚ್ಚಾಗಿ ಇಷ್ಟೇ.

ಬಟನ್ ಒತ್ತುವ ತೊಂದರೆಯೇ ಬೇಡ, ಮಾತನ್ನೇ ಗುರುತಿಸುವ ಯಂತ್ರವಿರಲಿ ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ಸರಕಾರದ ಭಾಷಿಣಿ ಯೋಜನೆ 2022ರಲ್ಲಿ ಆರಂಭವಾದ ಮೇಲೆ ಭಾರತೀಯ ಭಾಷೆಗಳ ಧ್ವನಿ ಗುರುತಿಸುವಿಕೆ ಮುಂದುವರಿದಿರುವುದೂ ಹೌದು. ಆದರೆ ವಾಡಿಕೆಯ ದೂರವಾಣಿಯ ಧ್ವನಿ ಸುಮಾರು 3400 ಹರ್ಟ್ಸ್‌ಗಿಂತ ಮೇಲಿನದನ್ನು ಬಿಟ್ಟುಬಿಡುತ್ತದೆ, ಸಕಾರ ಶಕಾರಗಳ ಗುರುತು ಬಹುಪಾಲು ಇರುವುದೇ ಅದಕ್ಕಿಂತ ಮೇಲೆ. ಅದರ ಮೇಲೆ ನಮ್ಮ ಮಾತು. ಗ್ರಂಥಸ್ಥ ಕನ್ನಡದ "ಅಡಿಕೆ" ಹವ್ಯಕರಿಗೆ "ಅಡಕ್ಕೆ", ಮಲಯಾಳದವರಿಗೆ "ಅಡಕ್ಕ", ತುಳುವರಿಗೆ "ಬಜ್ಜೈ". ಕೊನೆಯ ಸ್ವರವೊಂದು ಮಸುಕಾದರೆ ಕರೆದವರು ಯಾವ ಭಾಷೆಯವರೆಂದು ಯಂತ್ರ ಪಣ ಕಟ್ಟಬೇಕಾಗುತ್ತದೆ. ಒಮ್ಮೆ ಕೇಳಿ ಬರೆದಿಟ್ಟುಕೊಂಡ ಖಾನೆ ಇಂತಹ ಪಣಕ್ಕಿಂತ ಎಷ್ಟೋ ಮೇಲು.

ಖರ್ಚಿನ ಮಾತು ಹೆಚ್ಚು ಬೇಡ. ಧ್ವನಿಯನ್ನು ಅಂಕಿಗಳಾಗಿಸುವ ಹಳೆಯ ಜಿ.711 ವಿಧಾನದಲ್ಲಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ 64 ಕಿಲೋಬಿಟ್ ಧ್ವನಿ, ಪೊಟ್ಟಣದ ಮೇಲಿನ ವಿಳಾಸಗಳನ್ನು ಸೇರಿಸಿ ಸುಮಾರು 80 ಕಿಲೋಬಿಟ್ ಸಾಕು. ಹಳ್ಳಿಯ ಫೈಬರ್ ಸಂಪರ್ಕಕ್ಕೂ ಅದು ಭಾರವಲ್ಲ. ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಹಜವಾಗಿರುತ್ತದೆ. ನಮ್ಮ ಕಡೆಯ ನಿಜವಾದ ತೊಡಕು ವಿದ್ಯುತ್ತಿನದು. ತಾಮ್ರದ ತಂತಿಯ ಫೋನಿಗೆ ವಿನಿಮಯ ಕೇಂದ್ರದಿಂದಲೇ 48 ವೋಲ್ಟ್ ಬರುತ್ತಿದ್ದುದರಿಂದ ಆಷಾಢದ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋದರೂ, ತಂತಿ ತುಂಡಾಗದಿದ್ದರೆ ಫೋನು ಮಾತ್ರ ಮಾತಾಡುತ್ತಿತ್ತು. ಫೈಬರಿನ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ಸಂಘದ ಫೋನನ್ನು ಕಂಪ್ಯೂಟರಿಗೆ ಜೋಡಿಸುವವರು ಬ್ಯಾಟರಿಯ ಲೆಕ್ಕವನ್ನು ಮೊದಲ ದಿನವೇ ಹಾಕದಿದ್ದರೆ, ಜೂನ್ ತಿಂಗಳಲ್ಲಿ ಇಡೀ ವ್ಯವಸ್ಥೆ ಗೋಡೆಯ ಅಲಂಕಾರವಾಗುತ್ತದೆ. ಸಿಪ್ ಆಹ್ವಾನಗಳು ಬರುವ 5060, ಮೇಲೆ ಹೇಳಿದ 5038ರಂತಹ ಬಾಗಿಲುಗಳನ್ನು ಇಡೀ ಜಗತ್ತಿಗೆ ತೆರೆದಿಟ್ಟು, ಗುಪ್ತಪದವನ್ನು 1234 ಎಂದಿಟ್ಟರೆ ಮಧ್ಯರಾತ್ರಿ ಯಾರೋ ನುಗ್ಗಿ ವಿದೇಶಗಳಿಗೆ ಕರೆ ಮಾಡಿ ಬಿಲ್ಲನ್ನು ಸಂಘದ ತಲೆಗೆ ಕಟ್ಟುತ್ತಾರೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಕಾನೂನು ಬಹುಕಾಲ ಈ ಜೋಡಣೆಗೆ ಅಡ್ಡವಾಗಿತ್ತು. ಭಾರತದಲ್ಲಿ 2002ರ ಏಪ್ರಿಲಿನಿಂದ ಇಂಟರ್ನೆಟ್ ಕರೆಗೆ ಅನುಮತಿ ಬಂದರೂ, ಅದನ್ನು ದೇಶದೊಳಗಿನ ಸಾಮಾನ್ಯ ಫೋನ್ ಜಾಲಕ್ಕೆ ಬೆಸೆಯುವಂತಿರಲಿಲ್ಲ. 2018ರಲ್ಲಿ ಪರವಾನಗಿ ಪಡೆದ ಕಂಪನಿಗಳಿಗೆ ಆ ದಾರಿ ತೆರೆಯಿತು. ಕರೆ ಕೇಂದ್ರಗಳ ಮೇಲಿದ್ದ ನೋಂದಣಿಯ ಕಟ್ಟುಪಾಡನ್ನು ದೂರಸಂಪರ್ಕ ಇಲಾಖೆ 2020ರ ಕೊನೆಯಲ್ಲಿ ಮತ್ತು 2021ರ ಜೂನಿನಲ್ಲಿ ಸಡಿಲಿಸಿದ ಮೇಲೆ, ಕರೆ ವಿನಿಮಯದ ಯಂತ್ರ ದೇಶದ ಯಾವ ಮೂಲೆಯಲ್ಲಿದ್ದರೂ ಆಗುತ್ತದೆ, ಕೇಂದ್ರಗಳು ಪರಸ್ಪರ ಸಂಪರ್ಕ ಇಟ್ಟುಕೊಳ್ಳಬಹುದು ಎಂದಾಯಿತು. ಎಂದರೆ, ಕೇರಳದ ಗ್ರಾಹಕರ ಕನ್ನಡದ ಕರೆಯನ್ನು ಮಂಗಳೂರಿನಲ್ಲಿ ಕುಳಿತವರು ಎತ್ತಲು, ಎತ್ತುವಾಗ ಕೇರಳದ ಖಾತೆ ಅವರ ಮುಂದೆ ತೆರೆಯಲು ಈಗ ದೂರಸಂಪರ್ಕದ ನಿಯಮ ಅಡ್ಡಿಯಲ್ಲ. "ನಮ್ಮ ಸ್ಕ್ರೀನಿನಲ್ಲಿ ಬರುವುದಿಲ್ಲ" ಎಂಬುದು ಸಂಸ್ಥೆಯ ಆಯ್ಕೆ.

ಸರಕಾರಿ ಕಚೇರಿಗಳ ವಿಚಾರ ಸ್ವಲ್ಪ ಬೇರೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸಚಿವಾಲಯದೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅಂದು ಸರಕಾರದೊಡನೆ ಮಾತು ಎಂದರೆ ಪತ್ರವೇ ಆಗಿತ್ತು. ಇಂದು ದೂರು ಕೊಡುವುದು, ಅರ್ಜಿಯ ಗತಿ ಕೇಳುವುದು ಫೋನಿನಲ್ಲಿ. ಕಾಯಿದೆಯ ಪದ ಅಲ್ಲಿಯೇ ನಿಂತಿದೆ. ಆದರೆ ಕರೆ ಕಂಪ್ಯೂಟರಿಗೆ ಜೋಡಣೆಯಾದ ಕ್ಷಣದಲ್ಲಿ ಅದಕ್ಕೊಂದು ಗುರುತು ಸಂಖ್ಯೆ, ದಿನಾಂಕ, ದಾಖಲೆ ಎಲ್ಲವೂ ಹುಟ್ಟುತ್ತವೆ. ಆ ದಾಖಲೆಯ ಉತ್ತರವಾಗಿ ಬರುವ ಸಂದೇಶ ಪತ್ರವಲ್ಲದೆ ಇನ್ನೇನು ಎಂದು ಕೇಳಲು ನ್ಯಾಯವಾದಿಗಳಿಗೆ ಅವಕಾಶವಿದೆ ಎಂಬುದು ನನ್ನ ಎಣಿಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇನ್ನೂ ಒಂದು ಹಿಡಿಕೆ ಕೊಟ್ಟಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಅವಕಾಶ ಜನರಿಗಿರಬೇಕು ಎನ್ನುತ್ತದೆ ಅದು. ಆ ಕಲಮು ಜಾರಿಯಾದ ಮೇಲೆ, ಕರೆಯನ್ನು ಧ್ವನಿಮುದ್ರಿಸಿಟ್ಟುಕೊಳ್ಳಲು ಒಪ್ಪಿಗೆ ಕೇಳುವವರು ಕನ್ನಡದಲ್ಲಿ ಕೇಳಲು ಸಿದ್ಧರಿರಬೇಕು. ಇಲ್ಲಿ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ತುಳುವರಿಗೂ ಬ್ಯಾರಿಗಳಿಗೂ ಮಾತ್ರ ಈ ಹಿಡಿಕೆ ಸಿಗುವುದಿಲ್ಲ, ಅವರ ಭಾಷೆಗಳು ಅನುಸೂಚಿಯಲ್ಲಿಲ್ಲ.

ಮತ್ತೆ ಆ ಖಾನೆಗೇ ಬರುತ್ತೇನೆ, ಏಕೆಂದರೆ ಹಾನಿ ಸದ್ದಿಲ್ಲದೆ ಆಗುವುದು ಅಲ್ಲಿ. ಕೇರಳಕ್ಕಾಗಿ ತಯಾರಾದ ತಂತ್ರಾಂಶದಲ್ಲಿ ಭಾಷೆಯ ಖಾನೆ ಇದ್ದರೂ, ಹೊಸ ಸದಸ್ಯರನ್ನು ಸೇರಿಸುವಾಗ ಅದರಲ್ಲಿ ಮೊದಲೇ "ಮಲಯಾಳ" ಎಂದು ತುಂಬಿರುತ್ತದೆ. ಸರದಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ಗುಮಾಸ್ತೆ ಅದನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ, ತಾನೇ ಕನ್ನಡತಿಯಾಗಿದ್ದರೂ. ವರ್ಷ ಕಳೆದು ವರದಿ ತೆಗೆದಾಗ ಸದಸ್ಯರೆಲ್ಲ ಮಲಯಾಳದವರೆಂದು ಕಾಣುತ್ತದೆ. ಕನ್ನಡದ ಸೂಚನೆಗಳನ್ನು ಮುದ್ರಿಸುವ ಅಗತ್ಯವಿಲ್ಲ ಎಂಬ ತೀರ್ಮಾನಕ್ಕೆ ಆ ವರದಿಯೇ ಆಧಾರವಾಗುತ್ತದೆ. ಯಾರೂ ಕೇಳದ ಪ್ರಶ್ನೆಗೆ ಯಂತ್ರ ಕೊಟ್ಟ ಉತ್ತರ ಅಂಕಿಅಂಶವಾಗಿ ಕುಳಿತುಬಿಡುತ್ತದೆ. ಆದುದರಿಂದ ಸಂಘಗಳ ಆಡಳಿತ ಮಂಡಳಿಗಳು ತಂತ್ರಾಂಶ ಕೊಳ್ಳುವ ಮುನ್ನ ಒಪ್ಪಂದದಲ್ಲಿ ಬರೆಸಬೇಕಾದ ಷರತ್ತು ತೀರ ಚಿಕ್ಕದು: ಭಾಷೆಯ ಖಾನೆ ಖಾಲಿಯಾಗಿಯೇ ತೆರೆಯಬೇಕು, ಕೇಳಿ ತುಂಬದೆ ಮುಂದಿನ ಪುಟಕ್ಕೆ ಹೋಗಲು ಬಿಡಬಾರದು, "ಇನ್ನೂ ಕೇಳಿಲ್ಲ" ಎಂಬುದೂ ಒಂದು ಉತ್ತರವಾಗಿ ಅಲ್ಲಿರಬೇಕು.